ಎಡ ಭುಜದ ಅಳತೆ

ಜನವರಿ ೯, ಗುರುವಾರ

ತುಂಡಮ್ಮನಿಗೆ ಅಜ್ಜಿಯ ಆಶೀರ್ವಾದ.

ನಾನು ಚೆನ್ನಾಗಿದ್ದೇನೆ. ನೀನು ಹೇಗಿದ್ದೀಯ ಅಂತ ನಿನ್ನನ್ನು ಕೇಳಬೇಕಾಗಿಲ್ಲ, ಅದನ್ನು ಪೇಪರಿನವರೇ ಹೇಳುತ್ತಾರೆ. ಕೆಳಗಿನ ಇಸ್ತ್ರಿಯವನು ಯಾರದೋ ಷರಟು ಸುತ್ತಿಕೊಡಲು ಪೇಪರು ಹರಿಯುವಾಗ ನಿನ್ನ ಮುಖ ಸಿಕ್ಕಿತಂತೆ. ಮೆಟ್ಟಿಲು ಹತ್ತಿ ಓಡಿ ಬಂದ. "ಅಜ್ಜೀ, ನಿಮ್ಮ ಮೊಮ್ಮಗಳ ಮೇಲೆ ಸಿನಿಮಾ ತೆಗೀತಾರಂತೆ! ಚಿಕ್ಕವಳಿದ್ದಾಗಿನ ಕಥೆಯಂತೆ!" ಅಂದ. ನಿನ್ನ ಚಿತ್ರ ಕತ್ತಿನ ಹತ್ತಿರ ಹರಿದಿತ್ತು. ಅಂಟು ಹಾಕಿ ಮೆಷಿನ್ನಿನ ಮೇಲಿನ ಗೋಡೆಗೆ ಅಂಟಿಸಿದ್ದೇನೆ.

ಅದರಲ್ಲಿ ನಿನ್ನನ್ನು 'ಖ್ಯಾತ ವಸ್ತ್ರ ವಿನ್ಯಾಸಕಿ' ಅಂತ ಬರೆದಿದ್ದಾರೆ. ಆ ಹೆಸರನ್ನು ಬಾಯಲ್ಲಿ ಹೇಳಿ ಮುಗಿಸುವಷ್ಟರಲ್ಲಿ ನಾನೊಂದು ಕಾಲರು ಹೊಲಿದು ಎತ್ತಿಡುತ್ತೇನೆ. ನಮ್ಮ ಕಾಲದಲ್ಲಿ ದರ್ಜಿ ಅಂದರೆ ಸಾಕಿತ್ತು.

ಸಂತೋಷಕ್ಕೆ ಫೋನು ಮಾಡಿದೆ. ನಿನ್ನ ಆಫೀಸಿನ ಹುಡುಗಿ ಎತ್ತಿಕೊಂಡಳು.

"ಯಾರು ಮಾತಾಡ್ತಿರೋದು?"

"ಅಜ್ಜಿ ಅಂತ ಹೇಳಮ್ಮ."

ಅವಳು ಪಕ್ಕದವರಿಗೆ ಏನೋ ಪಿಸುಗುಟ್ಟಿದಳು. ಆಮೇಲೆ, "ಯಾವ ಅಜ್ಜಿ?" ಅಂದಳು.

ಯಾವ ಅಜ್ಜಿ ಅಂದರೆ? ನಿನ್ನ ಆಫೀಸಿನಲ್ಲಿ ಅಜ್ಜಿಯರನ್ನು ಸಾಲಾಗಿ ಹ್ಯಾಂಗರಿಗೆ ನೇತುಹಾಕಿದ್ದೀಯಾ? ಫೋನು ಇಟ್ಟುಬಿಟ್ಟೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದಕ್ಕೆ ಮೀಟಿಂಗು ಇರುವುದಿಲ್ಲ.

ಸಿನಿಮಾದವರು ನನ್ನನ್ನು ಕೇಳದೆ ಹೇಗೆ ತೆಗೆಯುತ್ತಾರೆ ಅಂತ ನೋಡುತ್ತಿದ್ದೇನೆ. ನಿನ್ನ ಅಮ್ಮ ಕಣ್ಣು ಮುಚ್ಚಿದಾಗ ನಿನಗೆ ಹಾಲುಹಲ್ಲು ಕೂಡ ಬಿದ್ದಿರಲಿಲ್ಲ. ಕತ್ತರಿ ಮೇಜಿನ ಕೆಳಗೆ ಬಿದ್ದ ತುಂಡುಬಟ್ಟೆಯ ರಾಶಿಯಲ್ಲಿ ಮಲಗಿ ಬೆಳೆದವಳು ನೀನು. ತುಂಡಮ್ಮ ಅಂತ ಹೆಸರು ಬಂದದ್ದು ಅದರಿಂದ. ಇದೆಲ್ಲ ಯಾರಿಗೆ ಗೊತ್ತು, ನನ್ನನ್ನು ಬಿಟ್ಟು? ಬೀದಿಯಲ್ಲಿ ಹಳಬರು ಯಾರೂ ಉಳಿದಿಲ್ಲ. ಎಲ್ಲ ಮನೆಗಳೂ ಗೋದಾಮುಗಳಾಗಿವೆ. ಸಂಜೆ ಶಟರು ಎಳೆದ ಮೇಲೆ ಮಾತಿಗೆ ಇಸ್ತ್ರಿಯವನೊಬ್ಬನೇ.

ಸಿನಿಮಾದವರ ಜೊತೆ ನೀನೂ ಬರುತ್ತೀಯಲ್ಲ? ಯಾವಾಗ ಅಂತ ಬರೆ. ಹಾಸಿಗೆ ಬಿಸಿಲಿಗೆ ಹಾಕಬೇಕು.

ಅಜ್ಜಿ


ಜನವರಿ ೨೮

ಪ್ರೀತಿಯ ಅಜ್ಜಿಗೆ,

ನಿನ್ನ ಕಾಗದ ತಲುಪಿತು. ಸಿನಿಮಾದ ವಿಷಯ ನಿಜ. ನಿರ್ದೇಶಕರಿಗೆ ನಮ್ಮ ಬೀದಿಯಲ್ಲೇ, ನಮ್ಮ ಕೋಣೆಯಲ್ಲೇ ಚಿತ್ರೀಕರಣ ಮಾಡಬೇಕೆಂಬ ಹಟ. ಮನೆಯ ಮಾಲೀಕರ ಜೊತೆ ಅವರೇ ಮಾತಾಡಿದ್ದಾರೆ.

ಆ ದಿನಗಳಲ್ಲಿ ನೀನು ಚಿಕ್ಕಮ್ಮನ ಮನೆಗೆ ಹೋಗಿರು. ದೊಡ್ಡ ದೀಪಗಳು, ಧೂಳು, ಗಲಾಟೆ. ನಿನಗೆ ಉಸಿರಾಟದ ತೊಂದರೆ ಬೇರೆ. ಅವರ ಜೊತೆ ನೀನು ಮಾತಾಡುವ ಅಗತ್ಯವೂ ಇಲ್ಲ, ನಾನು ಎಲ್ಲ ಹೇಳಿದ್ದೇನೆ. ನನಗೆ ಆ ಸಮಯದಲ್ಲಿ ಹೊರದೇಶದಲ್ಲಿ ಪ್ರದರ್ಶನವಿದೆ, ಬರಲು ಆಗುವುದಿಲ್ಲ.

ಆರೋಗ್ಯ ನೋಡಿಕೋ.

ನಿನ್ನ ತುಂಡಮ್ಮ


ಫೆಬ್ರವರಿ ೩

ತುಂಡಮ್ಮನಿಗೆ,

ನನ್ನ ಉಸಿರಿನ ಬಗ್ಗೆ ಇಷ್ಟು ಚಿಂತೆ ಮಾಡುತ್ತೀಯ ಅಂತ ಗೊತ್ತಿರಲಿಲ್ಲ. ಓದಿ ಎದೆ ತುಂಬಿ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಜೀವಮಾನವೆಲ್ಲ ಬಟ್ಟೆಯ ಧೂಳು ಕುಡಿದವಳಿಗೆ ಸಿನಿಮಾದ ಧೂಳು ಏನು ಮಾಡೀತು?

ನಿನ್ನ ಚಿಕ್ಕಮ್ಮನ ಮನೆಗೆ ನಾನು ಹೋಗುವುದಿಲ್ಲ. ನಾನೇ ಹೆತ್ತ ಮಗಳು, ಆದರೂ ಹೇಳುತ್ತೇನೆ. ಕಾಫಿಗೆ ಸಕ್ಕರೆ ಹಾಕುವಾಗ ಅವಳು ಚಮಚವನ್ನು ನೋಡುವುದಿಲ್ಲ, ನನ್ನ ಮುಖ ನೋಡುತ್ತಾಳೆ. "ಅಮ್ಮಾ, ಎಷ್ಟು ದಿನ ಇರ್ತೀಯ?" ಅಂತ ಬಾಗಿಲಲ್ಲೇ ಕೇಳುತ್ತಾಳೆ. ಅಲ್ಲಿಗಿಂತ ಇಲ್ಲಿ ನನ್ನ ಮೆಷಿನ್ನಿನ ಜೊತೆ ಜಗಳವಾಡಿಕೊಂಡು ಇರುತ್ತೇನೆ. ಅದು ತಿರುಗಿ ಮಾತಾಡಿದರೂ ಎಣ್ಣೆ ಹಾಕಿದರೆ ಸುಮ್ಮನಾಗುತ್ತದೆ.

ಸುಣ್ಣ ಬಳಿಸಿದ್ದೇನೆ. ಬಾಗಿಲಿಗೆ ಅದೇ ಹಸಿರು ಬಣ್ಣ. ನಾನೂ ಒಂದು ಹೊಸ ರವಿಕೆ ಹೊಲಿದುಕೊಂಡೆ, ಬೂದು ಬಣ್ಣದ್ದು. ನಿನ್ನ ಅಜ್ಜಿ ಅಂತ ತೋರಿಸಿದಾಗ ನಾಲ್ಕು ಜನ ಮೂಗು ಮುರಿಯಬಾರದಲ್ಲ. ನಿನಗೂ ಒಂದು ಬಟ್ಟೆ ಕತ್ತರಿಸೋಣ ಅಂತ ಹೊರಟೆ, ಕತ್ತರಿ ಕೈಯಲ್ಲೇ ಉಳಿಯಿತು. ನಿನ್ನ ಈಗಿನ ಅಳತೆ ನನ್ನ ಹತ್ತಿರ ಇಲ್ಲ. ಎಡ ಭುಜ ಮಾತ್ರ ನೆನಪಿದೆ.

ಪ್ರದರ್ಶನ ಮುಗಿಸಿ ಒಂದು ದಿನದ ಮಟ್ಟಿಗೆ ಬಂದು ಹೋದರೂ ಸಾಕು. ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ.

ಅಜ್ಜಿ


ಫೆಬ್ರವರಿ ೨೦

ಅಜ್ಜೀ,

ದಯವಿಟ್ಟು ಹಟ ಮಾಡಬೇಡ. ಕಾರು ಕಳಿಸುತ್ತಿದ್ದೇನೆ. ಚಿಕ್ಕಮ್ಮನ ಮನೆ ಬೇಡವೆಂದರೆ ಒಳ್ಳೆಯ ಹೋಟೆಲಿನಲ್ಲಿ ಕೋಣೆ ಹಿಡಿಯುತ್ತೇನೆ. ಅವರು ಬರುವ ಮುಂಚೆ ಹೊರಡು. ಕಾರಣ ಆಮೇಲೆ ಹೇಳುತ್ತೇನೆ. ಕೈಮುಗಿದು ಕೇಳಿಕೊಳ್ಳುತ್ತೇನೆ.

ತುಂಡಮ್ಮ


ಮಾರ್ಚ್ ೬

ತುಂಡಮ್ಮ,

ಕಾರು ಬಂದಿತ್ತು. ವಾಪಸು ಕಳಿಸಿದೆ. ಪಾಪ, ಡ್ರೈವರಿಗೆ ಕಾಫಿ ಕೊಟ್ಟೆ.

ಮಾರನೆಯ ದಿನ ಸಿನಿಮಾದವರು ಬಂದರು. ನಾನು ಬೂದು ರವಿಕೆ ಹಾಕಿಕೊಂಡು, ಕಾಫಿ ಲೋಟಗಳನ್ನು ತಟ್ಟೆಯಲ್ಲಿಟ್ಟುಕೊಂಡು ಕಾದಿದ್ದೆ. ಮೊದಲು ನಿರ್ದೇಶಕ ಬಂದ. ಕನ್ನಡಕ ತಲೆಯ ಮೇಲೆ, ಕಣ್ಣು ನಮ್ಮ ಗೋಡೆಯ ಮೇಲೆ. ಅವನ ಹಿಂದೆ ಬಟ್ಟೆಯ ಉಸ್ತುವಾರಿಯ ಹೆಂಗಸು, ತೋಳಿನ ತುಂಬ ಗುಂಡುಸೂಜಿ ಚುಚ್ಚಿಕೊಂಡವಳು. ಇಸ್ತ್ರಿಯವನು ಕೆಲಸ ಬಿಟ್ಟು ಬಂದು ಬಾಗಿಲಲ್ಲಿ ನಿಂತಿದ್ದ.

"ಅಮ್ಮಾ, ನೀವಿಲ್ಲಿ ಬಾಡಿಗೆಗೆ ಇದ್ದೀರಾ?" ಅಂತ ನಿರ್ದೇಶಕ ಕೇಳಿದ.

"ಹೌದಪ್ಪ."

"ತುಂಬ ವರ್ಷದಿಂದಾನಾ?"

"ಗೋಡೆ ಮೇಲೆ ನನ್ನ ಬೆನ್ನಿನ ಗುರುತು ಬೀಳೋವಷ್ಟು."

ಅವನು ನಕ್ಕ. "ಹಾಗಾದ್ರೆ ನಮಗೆ ಅದೃಷ್ಟ. ಮೇಡಂ ಅವರ ಅಜ್ಜಿ ಇದ್ರಲ್ಲ, ದರ್ಜಿ ಅಜ್ಜಿ, ಅವರನ್ನ ನೀವು ನೋಡಿರಬೇಕು. ಇಲ್ಲ ಅವರು ತೀರಿಕೊಂಡ ಮೇಲೆ ಈ ಮನೆಗೆ ಬಂದ್ರಾ?"

ತಟ್ಟೆ ನನ್ನ ಕೈಯಲ್ಲೇ ಇತ್ತು. "ಯಾರು ತೀರಿಕೊಂಡಿದ್ದು?" ಅಂದೆ.

"ಅಜ್ಜಿ. ಮೇಡಂ ಓದೋಕೆ ಹೊರಡೋ ಮುಂಚೇನೇ ಹೋಗಿಬಿಟ್ರಂತೆ. ಹೇಳ್ತಾ ಹೇಳ್ತಾ ಮೇಡಂ ನನ್ನ ಮುಂದೆ ಅತ್ತುಬಿಟ್ರು. ನಮ್ಮ ಸಿನಿಮಾಕ್ಕೆ ಮಧ್ಯಂತರಾನೇ ಅದು. ಅಜ್ಜಿ ಸಾವು."

ಇಸ್ತ್ರಿಯವನು ಬಾಯಿ ತೆರೆದ. "ಅಲ್ಲ ಸಾರ್, ಇವರೇ..." ಅನ್ನುವಷ್ಟರಲ್ಲಿ ಅವನ ಕಾಲು ತುಳಿದೆ. ಕಾಫಿ ಕೊಡುವ ಹಾಗೆ ಮುಂದೆ ಬಂದು, ಹಿಮ್ಮಡಿ ಒತ್ತಿ ತುಳಿದೆ. ಈಗಲೂ ಕುಂಟುತ್ತಿದ್ದಾನೆ.

"ನೋಡಿದ್ದೆನಪ್ಪ," ಅಂದೆ. "ಬಾಯಿ ಬಹಳ ಜೋರು."

"ಹೌದಾ? ಮೇಡಂ ಹೇಳ್ತಾರೆ ದೇವತೆ ಥರ ಇದ್ರು ಅಂತ. ಗಟ್ಟಿಯಾಗಿ ಒಂದು ಮಾತಾಡ್ತಿರಲಿಲ್ಲವಂತೆ."

"ಸತ್ತ ಎಮ್ಮೆಗೆ ಹತ್ತು ಸೇರು ಹಾಲು."

ಅದನ್ನು ಅವನು ಬರೆದುಕೊಂಡ. ಗೋಡೆಯ ಮೇಲಿನ ನಿನ್ನ ಚಿತ್ರ ನೋಡಿ, "ನೀವೂ ಮೇಡಂ ಅಭಿಮಾನಿನಾ?" ಅಂತ ಕೇಳಿದ. ಹೌದು ಅಂದೆ.

ಧೂಳು, ಉಸಿರು, ಹೋಟೆಲಿನ ಕೋಣೆ, ಆ ಫೋನಿನ ಹುಡುಗಿಯ 'ಯಾವ ಅಜ್ಜಿ', ಎಲ್ಲ ಈಗ ಅರ್ಥವಾಯಿತು. ನಾನೊಬ್ಬಳು ಪೆದ್ದಿ, ಎದೆ ತುಂಬಿಸಿಕೊಂಡು ಕೂತಿದ್ದೆ.

ನಾನು ಬಾಯಿ ಬಿಡಲಿಲ್ಲ. ಮುಂದೆಯೂ ಬಿಡುವುದಿಲ್ಲ. ಅಷ್ಟು ಜನರ ಮುಂದೆ ನನ್ನ ಮೊಮ್ಮಗಳನ್ನು ಸುಳ್ಳಿ ಅಂತ ನಿಲ್ಲಿಸಲಾ? ನಿನ್ನನ್ನು ಬೈಯುವುದಿದ್ದರೆ ನಾನೇ ಬೈಯುತ್ತೇನೆ, ಆ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಡುವುದಿಲ್ಲ. ಆದರೆ ಒಂದು ಕೇಳುತ್ತೇನೆ. ನಾನು ಯಾವ ಕಾಯಿಲೆಯಿಂದ ಸತ್ತೆ? ಯಾರಾದರೂ ಕೇಳಿದರೆ ಹೇಳಲು ಬೇಕಲ್ಲ.

ಅಜ್ಜಿ


ಮಾರ್ಚ್ ೧೫

ತುಂಡಮ್ಮನಿಗೆ,

ಉತ್ತರ ಇಲ್ಲ. ಸತ್ತವರಿಗೆ ಯಾರು ಉತ್ತರ ಬರೆಯುತ್ತಾರೆ, ಅಲ್ಲವಾ?

ಚಿತ್ರೀಕರಣ ಶುರುವಾಗಿದೆ. ಮನೆಯ ತುಂಬ ವೈರು. ನಮ್ಮ ಕಿಟಕಿಯಲ್ಲಿ ಬರುವ ಬಿಸಿಲು ಚೆನ್ನಾಗಿಲ್ಲವಂತೆ, ಹೊರಗೆ ಏಣಿ ಹಾಕಿ ಬೇರೆ ಬಿಸಿಲು ಕಟ್ಟಿದ್ದಾರೆ. ನಾನು ಹಗಲು ಮೆಟ್ಟಿಲ ಕೆಳಗೆ, ಇಸ್ತ್ರಿಯವನ ಬೆಂಚಿನ ಮೇಲೆ ಕೂರುತ್ತೇನೆ. ಬೇಕಾದಾಗ ಕರೆಯುತ್ತಾರೆ. "ಅಮ್ಮಾ, ಆ ಅಜ್ಜಿ ಸೂಜಿ ಎಲ್ಲಿ ಚುಚ್ಚಿಟ್ಕೋತಿದ್ರು?" ಎಡಗಡೆ ಎದೆಯ ಮೇಲೆ ಅನ್ನುತ್ತೇನೆ. "ಊಟ ಮಾಡುವಾಗ ಏನು ಮಾತಾಡ್ತಿದ್ರು?" ತಟ್ಟೆ ನೋಡಿಕೊಂಡು ತಿನ್ನು ಅಂತಿದ್ದಳು ಅನ್ನುತ್ತೇನೆ. ಬದುಕಿದ್ದಾಗ ಇಷ್ಟು ಮರ್ಯಾದೆ ನನಗೆ ಯಾರೂ ಕೊಟ್ಟಿರಲಿಲ್ಲ.

ನನ್ನ ವೇಷದ ನಟಿ ಒಳ್ಳೆಯವಳು. ಆದರೆ ಮಾತು ಬೆಣ್ಣೆ. "ಬಾ ಕಂದಾ, ದಣಿದಿದ್ದೀಯಾ?" ಅಂತಾಳೆ. ನಾನು ಯಾವತ್ತಾದರೂ ನಿನ್ನನ್ನು ಕಂದಾ ಅಂದಿದ್ದೇನಾ? ಬೆಂಚಿನ ಮೇಲೆ ಅವಳು ನನ್ನ ಪಕ್ಕ ಕೂತಾಗ ಹೇಳಿಕೊಟ್ಟೆ. "ಆ ಮುದುಕಿ ಹಾಗೆ ಅಂತಿರಲಿಲ್ಲಮ್ಮ. 'ಬಂದ್ಯಾ ಪೀಡೆ, ಕಾಲು ತೊಳಿ' ಅಂತಿದ್ದಳು." ಅವಳು ನಕ್ಕು, ನಿರ್ದೇಶಕನನ್ನು ಕೇಳಿ ಬಂದಳು. ಜನ ಅಳುವುದಿಲ್ಲ ಅಂದನಂತೆ.

ನಿನ್ನ ವೇಷದ ಹುಡುಗಿ ಇದ್ದಾಳೆ. ಎರಡು ಜಡೆ, ಮುಂದಿನ ಹಲ್ಲಿಲ್ಲ. ತುಂಡುಬಟ್ಟೆಯಲ್ಲಿ ಮಲಗು ಅಂದರೆ ಮೂಗು ಮುಚ್ಚಿಕೊಳ್ಳುತ್ತಾಳೆ. ಉಳಿದಂತೆ ಪರವಾಗಿಲ್ಲ.

ಇವತ್ತು ಉಸ್ತುವಾರಿ ಹೆಂಗಸು ಬಂದು, "ಅಜ್ಜೀ, ನೀವೂ ಹೊಲೀತೀರಂತಲ್ಲ. ಯೂನಿಫಾರಂ ತುಂಡುಗಳಲ್ಲಿ ಹೊಲಿದ ಮೊದಲನೇ ಫ್ರಾಕಿನ ಕಥೆ ಮೇಡಂ ಹೇಳಿದ್ದಾರೆ. ಅದು ಹಳೇ ಕೈಯಲ್ಲೇ ಆದ್ರೆ ಚೆನ್ನಾಗಿರತ್ತೆ, ಮಾಡಿಕೊಡ್ತೀರಾ?" ಅಂತ ಕೇಳಿದಳು. ನೀಲಿ ಒಂದು ಕಡೆ, ಬಿಳಿ ಒಂದು ಕಡೆ, ಜೇಬು ಮಾತ್ರ ಖಾಕಿ. ನಿನಗೆ ನೆನಪಿರಬೇಕು. ಒಪ್ಪಿಕೊಂಡೆ.

ಏನಾದರೂ ಒಂದು ಸಾಲು ಬರೆ.

ಅಜ್ಜಿ


ಮಾರ್ಚ್ ೨೭

ತುಂಡಮ್ಮ,

ಫ್ರಾಕು ಹೊಲಿದೆ. ಆ ಹುಡುಗಿಯನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಟೇಪು ಹಿಡಿದು ಸರಿಯಾಗಿಯೇ ಅಳತೆ ತೆಗೆದಿದ್ದೆ. ಬಾಗಿಲು ಹಾಕಿಕೊಂಡು ಹೊಲಿದೆ. ಎಷ್ಟೋ ವರ್ಷದ ಮೇಲೆ ಕೈಗೆ ಅಷ್ಟು ಸುಖ. ಪೆಡಲು ತುಳಿಯುತ್ತಾ ಯಾರನ್ನೋ ಬೈಯುತ್ತಿದ್ದೆ. ಯಾರನ್ನು ಅಂತ ಆಮೇಲೆ ಗೊತ್ತಾಯಿತು. ಮೇಜಿನ ಕೆಳಗೆ ಕೈ ಹಾಕಿ ತುಂಡು ಎಳೆಯಬೇಡ ಅಂತ ನಿನ್ನನ್ನು.

ಎಲ್ಲರ ಮುಂದೆ ಆ ಹುಡುಗಿಗೆ ತೊಡಿಸಿದರು. ಎಡಗಡೆ ಭುಜ ಹಿಡಿದುಕೊಂಡಿತು. ಸುಕ್ಕು. ಕೆಳಗಿನ ಅಂಚು ಆ ಕಡೆ ಮೇಲಕ್ಕೇರಿ ನಿಂತಿತು. ಫೋಟೋದವನು ಅಷ್ಟರಲ್ಲೇ ಒಂದು ಫೋಟೋ ತೆಗೆದುಬಿಟ್ಟ.

ನನಗೆ ಆಗಲೇ ತಿಳಿಯಿತು. ಕಾಗದದ ಮೇಲೆ ಬರೆದದ್ದು ಅವಳ ಅಳತೆ. ಕತ್ತರಿಸಿದ್ದು ನಿನಗೆ. ನಿನ್ನ ಎಡ ಭುಜ ಹುಟ್ಟಿದಾಗಿನಿಂದ ಬಲಕ್ಕಿಂತ ಒಂದು ಬೆರಳು ಇಳಿದಿತ್ತಲ್ಲ. ಶಾಲೆಯಲ್ಲಿ 'ತಕ್ಕಡಿ, ತಕ್ಕಡಿ' ಅಂತ ಕರೆದರು ಅಂತ ಅಳುತ್ತಾ ಬಂದಿದ್ದೆಯಲ್ಲ. ಅವತ್ತಿನಿಂದ ನಿನ್ನ ಬಟ್ಟೆಯ ಎಡಗಡೆಯನ್ನು ಇಳಿಸಿಯೇ ಕತ್ತರಿಸಿದೆ. ಬಟ್ಟೆ ಸರಿಯಾಗಿ ಕೂತಿತು, ತಕ್ಕಡಿ ಅನ್ನುವುದು ನಿಂತಿತು. ಆ ನೀಲಿ ಬಿಳಿ ತುಂಡು ಕೈಗೆ ಬಂದ ಕೂಡಲೇ ಕತ್ತರಿ ತನ್ನ ಹಳೆಯ ದಾರಿ ಹಿಡಿದಿದೆ. ನೇರ ಭುಜದ ಮಗುವಿಗೆ ಅದು ಹೇಗೆ ಕೂತೀತು?

ಉಸ್ತುವಾರಿ ಹೆಂಗಸು ಕೆಟ್ಟವಳಲ್ಲ. ಮೆಲ್ಲಗೇ ಹೇಳಿದಳು. "ಅಜ್ಜೀ, ಸೊಟ್ಟ ಆಗಿದೆಯಲ್ಲ. ಕಣ್ಣು ಸ್ವಲ್ಪ ಮಂಜಾಗಿದೆಯೇನೋ?"

ನನ್ನ ಹೊಲಿಗೆಯನ್ನು ಸೊಟ್ಟ ಅಂದವರು ಇದುವರೆಗೆ ಹುಟ್ಟಿರಲಿಲ್ಲ. ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಇದು ಸೊಟ್ಟ ಅಲ್ಲ, ಇದು ನನ್ನ ಮೊಮ್ಮಗಳ ಭುಜ ಅಂತ. ಆ ಒಂದು ಮಾತು ಆಡಿದ್ದರೆ ನಾನು ಬದುಕುತ್ತಿದ್ದೆ, ನೀನು ಸಾಯುತ್ತಿದ್ದೆ.

"ಹೌದಮ್ಮ, ಕಣ್ಣು ಮಂಜಾಗಿದೆ" ಅಂದೆ.

ಅವಳು ಅಲ್ಲೇ ನನ್ನ ಮೆಷಿನ್ನಿನ ಮುಂದೆ ಕೂತು ಬಿಚ್ಚಿ ನೇರ ಮಾಡಿದಳು. ಪಟಪಟ ಅಂತ ದಾರ ಕಿತ್ತಳು. ನಾನು ನೋಡುತ್ತಾ ನಿಂತೆ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ. ನನ್ನದು ಒಂದು ಬೆರಳಿನಷ್ಟು ಬಟ್ಟೆಗೆ ಹೋಯಿತು.

ನನ್ನ ಕಣ್ಣಿಗೆ ಏನೂ ಆಗಿಲ್ಲ. ಅದು ನಿನಗೆ ಗೊತ್ತಿರಲಿ.

ಅಜ್ಜಿ


ಏಪ್ರಿಲ್ ೧೯

ಅಜ್ಜೀ,

ಎಷ್ಟು ಸಲ ಬರೆದು ಹರಿದೆನೋ. ಇದನ್ನು ಹರಿಯುವುದಿಲ್ಲ.

ನನ್ನ ಮೊದಲ ಪ್ರದರ್ಶನಕ್ಕೆ ನಿನಗೆ ಟಿಕೆಟ್ಟು ಕಳಿಸಿದ್ದೆ. ಮುಂದಿನ ಸಾಲಿನಲ್ಲಿ, ಮಧ್ಯದಲ್ಲಿ ಒಂದು ಕುರ್ಚಿ ಹಿಡಿದಿದ್ದೆ. ನೀನು ಬರೆದೆ: 'ಶಾಲೆ ತೆರೆಯುವ ಕಾಲ, ಯೂನಿಫಾರಂ ರಾಶಿ ಬಿದ್ದಿದೆ, ಬರಲು ಆಗುವುದಿಲ್ಲ.' ಇಷ್ಟೇ. ಅವತ್ತು ಸಂಜೆ ಒಬ್ಬ ಪತ್ರಕರ್ತೆ ಬಂದು, "ಈ ಕುರ್ಚಿ ಯಾರಿಗೆ?" ಅಂತ ಕೇಳಿದಳು. ಅಜ್ಜಿಗೆ ಅಂದೆ. "ಯಾಕೆ ಬರಲಿಲ್ಲ?" ಅಂದಳು. ಅಜ್ಜಿಗೆ ನನಗಿಂತ ಯೂನಿಫಾರಂ ಮುಖ್ಯ ಅಂತ ಹೇಗೆ ಹೇಳಲಿ? ಸಿಟ್ಟಿತ್ತು. ತೀರಿಕೊಂಡರು ಅಂದುಬಿಟ್ಟೆ.

ಮರುದಿನ ಪತ್ರಿಕೆಯಲ್ಲಿ ನನ್ನ ಬಟ್ಟೆಗಳ ಬಗ್ಗೆ ಎರಡು ಸಾಲು, ಆ ಖಾಲಿ ಕುರ್ಚಿಯ ಬಗ್ಗೆ ಅರ್ಧ ಪುಟ. ಜನ ಬಂದು ಕೈ ಹಿಡಿದುಕೊಂಡರು. ಅಲ್ಲಿಂದ ಮುಂದೆ ನನ್ನ ಪ್ರತಿ ಪ್ರದರ್ಶನದಲ್ಲೂ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಖಾಲಿ ಇಡುತ್ತಾರೆ. ನಾನು ಹೇಳದಿದ್ದರೂ ಇಡುತ್ತಾರೆ. ಪ್ರತಿ ಸಲ ಅದನ್ನು ನೋಡಿದಾಗ ಊರಿಗೆ ಬರಲು ಇನ್ನಷ್ಟು ಹೆದರಿಕೆ. ಯಾವ ಮುಖ ಹೊತ್ತು ಬರಲಿ? ಹಾಗೇ ವರ್ಷಗಳು ಹೋದವು.

ಸಿನಿಮಾದ ಫೋಟೋಗಳನ್ನು ಕಳಿಸಿದ್ದರು. ಆ ಹುಡುಗಿ ನೀಲಿ ಬಿಳಿ ಫ್ರಾಕಿನಲ್ಲಿ, ಎಡಗಡೆ ಸುಕ್ಕಾಗಿ, ಅಂಚು ಮೇಲೇರಿ. ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ನಾನು ಎದ್ದು ಹೊರಗೆ ಹೋದೆ. ನನ್ನ ಕೋಟಿನ ಎಡ ಭುಜದಲ್ಲಿ ಈಗಲೂ ನಾನೇ ಹತ್ತಿ ಇಟ್ಟು ಹೊಲಿದುಕೊಳ್ಳುತ್ತೇನೆ ಅಜ್ಜೀ, ನನ್ನ ದರ್ಜಿಗಳಿಗೂ ಅದು ಗೊತ್ತಿಲ್ಲ. ಲೋಕದಲ್ಲಿ ಆ ಭುಜ ಗೊತ್ತಿರುವವಳು ನೀನೊಬ್ಬಳೇ.

ನಾನಾಗಿ ಹೇಳಲು ಧೈರ್ಯ ಬರುತ್ತಿಲ್ಲ. ನೀನೇ ಅವರಿಗೆ ಹೇಳಿಬಿಡು. ನನ್ನ ಮಾನ ಹೋದರೆ ಹೋಗಲಿ.

ತುಂಡಮ್ಮ


ಏಪ್ರಿಲ್ ೨೬

ತುಂಡಮ್ಮ,

ನಾನು ಹೇಳುವುದಿಲ್ಲ. ಗಂಟು ಹಾಕಿದವಳು ನೀನು, ಬಿಚ್ಚಬೇಕಾದವಳೂ ನೀನೇ. ಹಲ್ಲಿನಿಂದ ಕಡಿದು ಕಿತ್ತರೆ ಬಟ್ಟೆ ಹರಿಯುತ್ತದೆ ಅಂತ ನಿನಗೆ ಮೊದಲೇ ಹೇಳಿಕೊಟ್ಟಿದ್ದೆ.

ಯೂನಿಫಾರಮ್ಮಿನ ವಿಷಯಕ್ಕೆ ನಾನು ತಲೆ ತಗ್ಗಿಸುವುದಿಲ್ಲ. ಒಪ್ಪಿಕೊಂಡ ಕೆಲಸ. ನನ್ನ ಮೊಮ್ಮಗಳ ಸಡಗರ ನೋಡಲು ಹೋಗುತ್ತೇನೆ, ನಿಮ್ಮ ಮಕ್ಕಳು ಚಡ್ಡಿ ಇಲ್ಲದೆ ಶಾಲೆಗೆ ಹೋಗಲಿ ಅಂತ ಅವರ ತಾಯಂದಿರಿಗೆ ಹೇಳಬೇಕಿತ್ತಾ? ಇವತ್ತು ಟಿಕೆಟ್ಟು ಕಳಿಸಿದರೂ ಅದನ್ನೇ ಬರೆಯುತ್ತೇನೆ. ಆದರೆ ನೀನು 'ಹಾಗಾದರೆ ಯೂನಿಫಾರಂ ಮುಗಿಸಿ ಬಾ' ಅಂತ ಒಂದು ಸಾಲು ಬರೆಯಬಹುದಿತ್ತು. ಮುಗಿದ ಮೇಲೆ ನಾನು ಕಾದೆ. ನೀನು ಬರೆಯಲಿಲ್ಲ. ನಾನೂ ಕೇಳಲಿಲ್ಲ. ನಿನಗೆ ಈ ಸೊಕ್ಕು ಎಲ್ಲಿಂದ ಬಂತು ಅಂತ ಹುಡುಕಲು ದೂರ ಹೋಗಬೇಕಾಗಿಲ್ಲ.

ಸಿನಿಮಾದವರು ಗಂಟುಮೂಟೆ ಕಟ್ಟಿದರು. ವೈರು ಎಲ್ಲ ಹೋಯಿತು, ಹೊರಗಿನ ಬಿಸಿಲೂ ಹೋಯಿತು. ನನಗೆ ಬೇರೆಯೇನೂ ಬೇಡ. ಒಂದು ಸಲ ಬಾ.

ಅಜ್ಜಿ


ಸೆಪ್ಟೆಂಬರ್ ೧೪

ತುಂಡಮ್ಮನಿಗೆ,

ಆ ಕಾಗದಕ್ಕೆ ಉತ್ತರ ಬರಲಿಲ್ಲ. ಇನ್ನು ಬರೆಯಬಾರದು ಅಂದುಕೊಂಡಿದ್ದೆ. ಆದರೆ ಸಿನಿಮಾ ಬಂತು. ಬಾಯಿ ಇದ್ದವಳು ಸುಮ್ಮನೆ ಹೇಗಿರುತ್ತಾಳೆ?

ಬೂದು ರವಿಕೆ ಹಾಕಿಕೊಂಡು ಒಬ್ಬಳೇ ಹೋದೆ. ಒಂದು ಪಕ್ಕದ ಕುರ್ಚಿಯಲ್ಲಿ ನನ್ನ ಚೀಲ, ಇನ್ನೊಂದು ಪಕ್ಕ ಒಬ್ಬ ದಪ್ಪನೆಯ ಹೆಂಗಸು. ದೀಪ ಆರಿತು. ನಮ್ಮ ಹಸಿರು ಬಾಗಿಲು ಗೋಡೆಯಷ್ಟು ದೊಡ್ಡದಾಗಿ ಕಾಣಿಸಿತು. ಆಮೇಲೆ ನಮ್ಮ ಮೆಟ್ಟಿಲು. ಆ ಹುಡುಗಿ ಶಾಲೆಯ ಚೀಲ ಎಳೆಯುತ್ತಾ ಓಡಿ ಹತ್ತುತ್ತಾಳೆ, "ಅಜ್ಜೀ!" ಅಂತ ಕೂಗುತ್ತಾಳೆ. ಅದೇ ಮೆಟ್ಟಿಲು, ಮೂಲೆಯಲ್ಲಿ ಸದ್ದು ಮಾಡುವ ಆ ಹಲಗೆ ಸಮೇತ. ನಾನು ಗಟ್ಟಿಯಾಗಿ, "ಏನೇ?" ಅಂದುಬಿಟ್ಟೆ.

ಮುಂದಿನ ಸಾಲಿನವರು ತಿರುಗಿ ನೋಡಿ ನಕ್ಕರು. ನಾಚಿಕೆಯಾಯಿತು.

ಸಾವು ಚೆನ್ನಾಗಿ ತೆಗೆದಿದ್ದಾರೆ. ನಾನು ಮೆಷಿನ್ನಿನ ಮೇಲೆ ತಲೆಯಿಟ್ಟು ಹೋಗುತ್ತೇನೆ. ಕೊನೆಯ ಮಾತು, 'ದೊಡ್ಡವಳಾಗು ಕಂದಾ.' ಪಕ್ಕದ ಹೆಂಗಸು ಮೂಗು ಒರೆಸಿಕೊಂಡು, "ಎಂಥಾ ಒಳ್ಳೇ ಜೀವ ಅಲ್ವಾ?" ಅಂದಳು. "ಅಷ್ಟೇನೂ ಒಳ್ಳೆಯದಲ್ಲ ಬಿಡಿ" ಅಂದೆ. ಕಲ್ಲು ಮನಸ್ಸಿನವಳು ಅಂದುಕೊಂಡಿರಬೇಕು, ಮಧ್ಯಂತರ ಮುಗಿದ ಮೇಲೆ ಬೇರೆ ಕುರ್ಚಿಗೆ ಹೋದಳು. ಅಲ್ಲಿಂದ ಮುಂದೆ ನಾನಿಲ್ಲವಲ್ಲ, ನೀನು ಒಬ್ಬಳೇ ಎಲ್ಲೆಲ್ಲೋ ಅಲೆಯುತ್ತೀಯ. ಒಂದು ಬಾಡಿಗೆ ಕೋಣೆಯಲ್ಲಿ ಕೂತು ಬ್ರೆಡ್ಡು ತಿನ್ನುತ್ತೀಯ. ಅದು ನಿಜವಾ? ಆ ದಿನಗಳಲ್ಲಿ 'ಊಟ ಚೆನ್ನಾಗಿದೆ' ಅಂತ ನನಗೆ ಬರೆಯುತ್ತಿದ್ದೆ.

ಅದಾದ ಮೇಲೆ ಮತ್ತೆ ಹೋದೆ. ಈಗ ಆಗಾಗ ಹೋಗುತ್ತೇನೆ. ಟಿಕೆಟ್ಟು ಹರಿಯುವವನು ನಗುತ್ತಾನೆ, "ಅಜ್ಜೀ, ಕಥೆ ಇನ್ನೂ ಅರ್ಥ ಆಗಿಲ್ವಾ?" ಅಂತಾನೆ. ಮೆಟ್ಟಿಲ ಮೇಲೆ ಆ ಹುಡುಗಿ ಕೂಗುವುದನ್ನು ಕೇಳಿಸಿಕೊಳ್ಳುತ್ತೇನೆ. ಮೇಜಿನ ಕೆಳಗೆ ಅವಳು ನಿದ್ದೆ ಮಾಡುವುದನ್ನು ನೋಡುತ್ತೇನೆ. ನಾನು ಸಾಯುವ ಮುಂಚೆ ಎದ್ದು ಮನೆಗೆ ಬರುತ್ತೇನೆ. ಮನೆಯಲ್ಲಿ ಆ ಮೆಟ್ಟಿಲು ಇದೆ, ಕೂಗುವವರು ಇಲ್ಲ. ಅದಕ್ಕೆ.

ಬಿಡುವು ಎಲ್ಲಿಂದ ಬಂತು ಅಂತ ಕೇಳಬೇಡ. ಅಜ್ಜಿಗೆ ಕಣ್ಣು ಮಂಜಾಗಿದೆಯಂತೆ ಅನ್ನುವ ಸುದ್ದಿ ಸುತ್ತಮುತ್ತ ಹರಡಿತು. ಹರಡಿದ್ದು ಇಸ್ತ್ರಿಯವನಲ್ಲ, ಅವನು ನನ್ನ ಪರ ಜಗಳವಾಡಿದ. ಆದರೂ ಈ ಸಲ ಯೂನಿಫಾರಂ ಬಟ್ಟೆ ಯಾರೂ ತರಲಿಲ್ಲ. ಮೆಷಿನ್ನಿಗೆ ಮುಸುಕು ಹಾಕಿದ್ದೇನೆ. ಈಗ ನೀನು ಟಿಕೆಟ್ಟು ಕಳಿಸಿದರೆ ಬರಬಹುದಿತ್ತು, ಏನು ಮಾಡುವುದು, ಸತ್ತಿದ್ದೇನೆ.

ಅಜ್ಜಿ


ಸೆಪ್ಟೆಂಬರ್ ೨೯

ಅಜ್ಜೀ,

ಹೇಳಿಬಿಟ್ಟೆ. ಮೊದಲು ನಿರ್ದೇಶಕರಿಗೆ. ಅವರು ತಲೆಯ ಮೇಲಿನ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, "ಕಾಫಿ ಕೊಟ್ಟ ಆ ಅಮ್ಮನಾ?" ಅಂದರು. ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡರು. ಸಿನಿಮಾ ಬದಲಾಯಿಸಲು ಆಗುವುದಿಲ್ಲ, ಆದದ್ದು ಆಯಿತು. ಉಸ್ತುವಾರಿ ಹೆಂಗಸಿಗೂ ಆ ಫ್ರಾಕು ಸೊಟ್ಟ ಅಲ್ಲ ಅಂತ ಹೇಳಿ, ಕೋಟು ಬಿಚ್ಚಿ ನನ್ನ ಭುಜ ತೋರಿಸಿದೆ. ಪತ್ರಿಕೆಗೂ ಹೇಳಿದ್ದೇನೆ. ಬೈಯುವವರು ಬೈಯುತ್ತಿದ್ದಾರೆ. ಆಫೀಸಿನ ಹುಡುಗಿ ಮಾತ್ರ, "ಅವತ್ತು ಫೋನ್ ಮಾಡಿದ್ದು ನಿಜವಾದ ಅಜ್ಜಿನಾ ಮೇಡಂ?" ಅಂತ ಕೇಳಿ ಅತ್ತಳು.

ಊಟ ಚೆನ್ನಾಗಿರಲಿಲ್ಲ ಅಜ್ಜೀ. ಬ್ರೆಡ್ಡು ನಿಜ.

ಬರುತ್ತೇನೆ. ದಿನ ಹೇಳುವುದಿಲ್ಲ, ಹೇಳಿ ತಪ್ಪಿಸಿದ್ದು ಸಾಕು. ಮೆಷಿನ್ನಿನ ಮುಸುಕು ತೆಗೆ. ನನ್ನ ಅಳತೆ ನಿನ್ನ ಹತ್ತಿರ ಇಲ್ಲ ಅಂದೆಯಲ್ಲ.

ತುಂಡಮ್ಮ


ಅಕ್ಟೋಬರ್ ೪ (ಹೊಡೆದು ಹಾಕಿದೆ) ೫ (ಹೊಡೆದು ಹಾಕಿದೆ) ೮ (ಹೊಡೆದು ಹಾಕಿದೆ) ೧೧

ತುಂಡಮ್ಮ,

ದಿನ ಹೇಳದೆ ಬರುತ್ತೀಯ ಅಂದೆ, ಅದಕ್ಕೆ ಹೊರಗೆ ಹೋಗುವಾಗೆಲ್ಲ ಈ ಚೀಟಿಯನ್ನು ಬಾಗಿಲಿಗೆ ಸಿಕ್ಕಿಸಿ ಹೋಗುತ್ತೇನೆ. ದಿನಕ್ಕೊಂದು ಕಾಗದ ಹಾಳು ಮಾಡುವುದಿಲ್ಲ, ತಾರೀಖು ಮಾತ್ರ ತಿದ್ದುತ್ತೇನೆ.

ಸಿನಿಮಾಕ್ಕೆ ಹೋಗಿದ್ದೇನೆ. ಈಗ ಬೆಳಗಿನ ಆಟ ಒಂದೇ ಇದೆ, ಇನ್ನೆರಡು ದಿನದಲ್ಲಿ ತೆಗೆದುಹಾಕುತ್ತಾರಂತೆ. ಕೀಲಿಕೈ ಇಸ್ತ್ರಿಯವನ ಹತ್ತಿರ ಇದೆ. ಟೇಪು ಮೆಷಿನ್ನಿನ ಮೇಲಿದೆ. ಕಾಲು ತೊಳೆದುಕೊಂಡು ಒಳಗೆ ಹೋಗು, ಪೀಡೆ.

ನಾನು ಸಾಯುವ ಮುಂಚೆ ಎದ್ದು ಬರುತ್ತೇನೆ. ಅಲ್ಲಿಯವರೆಗೆ ಕಾಯುತ್ತಿರು.

ಅಜ್ಜಿ


ಅಕ್ಟೋಬರ್ ೧೧

ಅಜ್ಜೀ, ದಾರಿಯಲ್ಲಿ ಒಬ್ಬರಿಗೊಬ್ಬರು ತಪ್ಪಿಹೋದರೆ ಇರಲಿ ಅಂತ ನಿನ್ನ ಚೀಟಿಯ ಕೆಳಗೇ ಬರೆಯುತ್ತಿದ್ದೇನೆ.

ಮೆಟ್ಟಿಲ ಮೇಲೆ ನಿಂತು ಕೂಗಿದೆ. ನೀನಿರಲಿಲ್ಲ. ಇಸ್ತ್ರಿಯವರು ಕೀಲಿಕೈ ಕೊಡಲು ಬಂದರು, ಬೇಡ ಅಂದೆ, ಚಿತ್ರಮಂದಿರದ ದಾರಿ ಕೇಳಿದೆ.

ಕಾಯುವುದಿಲ್ಲ. ಅಲ್ಲಿಗೇ ಬರುತ್ತಿದ್ದೇನೆ. ಪಕ್ಕದ ಕುರ್ಚಿಯಿಂದ ಚೀಲ ಎತ್ತಿಕೋ.